ನಾನು ಮನೆಗೆ ಬರುವ ಹೊತ್ತು ಅವನಿಗೆ ಗೊತ್ತಿತ್ತು

ಕಳೆದ ವಾರ ಮಂಗಳವಾರ. ನಾನು ಪಾಠ ಮಾಡುವ ತಿರ್ಲಾಪುರದ ಶಾಲೆ ಮುಗಿಸಿ, ಬಸ್ಸಿಳಿದು, ನವಲಗುಂದದ ನಮ್ಮ ಓಣಿಗೆ ತಿರುಗಿದೆ. ಮನೆಯ ಕಟ್ಟೆಯ ಮೇಲೆ ಒಬ್ಬ ಅಪರಿಚಿತ ಕುಳಿತು ಚಹಾ ಕುಡಿಯುತ್ತಿದ್ದ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ಜೊತೆಗೆ ಬಾಜು ಮನೆಯ ಕಾಕಾ. (ಚಹಾ ಕೂಡ ಕಾಕಾನ ಮನೆಯದೇ.)

ನನ್ನನ್ನು ಕಂಡು ಅವನು ಎದ್ದು ಕೈ ಮುಗಿದ.

“ಬರ್ರಿ ಮೇಡಮ್. ನೀವು ಆರಕ್ಕ ಬರ್ತೀರಂತ ಗೊತ್ತಿತ್ರಿ.”

ನನಗೆ ಅವನು ಯಾರೆಂದೇ ಗೊತ್ತಿರಲಿಲ್ಲ!

ನಿಮ್ಮ ಮಗಳೂ ನಾನೂ ಒಂದೇ ಆನ್‌ಲೈನ್ ಗೇಮ್ ಆಡುತ್ತೇವೆ, ಈ ಕಡೆ ಕೆಲಸವಿತ್ತು, ಸುಮ್ಮನೆ ಭೇಟಿಯಾಗಿ ಹೋಗೋಣವೆಂದು ಬಂದೆ ಎಂದ. ನನ್ನ ಮಗಳಿಗೆ ಹದಿನೈದು ವರ್ಷ. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಏನು ಹೇಳಿದೆನೋ ನೆನಪಿಲ್ಲ. ಅವನು ಕಪ್ಪು ಕೆಳಗಿಟ್ಟು, ನಗುತ್ತಲೇ, ಇನ್ನೊಮ್ಮೆ ಬರುತ್ತೇನೆಂದು ಹೊರಟ.

ಮಗಳು ಅಡುಗೆಮನೆಯ ಮೂಲೆಯಲ್ಲಿ ಕುಳಿತಿದ್ದಳು. ಆಟದಲ್ಲಿ ಎರಡು ಸಲ ಎದುರಾಳಿಯಾಗಿ ಸಿಕ್ಕಿದ್ದನಂತೆ, ಅಷ್ಟೇ. ಮಾತೂ ಆಡಿಲ್ಲವಂತೆ. ಹಾಗಾದರೆ ಮನೆ ಹೇಗೆ ಸಿಕ್ಕಿತು?

ಸಿಕ್ಕಿದ್ದು ನನ್ನಿಂದ.

ನಮ್ಮ ಕಡೆ ಬರೀ ಹೆಸರು ಹೇಳಿದರೆ ಯಾರಿಗೂ ಸಮಾಧಾನವಿಲ್ಲ. ಯಾವೂರು, ಯಾರ ಪೈಕಿ ಎಂದು ಕೇಳಿಯೇ ಕೇಳುತ್ತಾರೆ. ಅಕೌಂಟ್ ಮಾಡುವಾಗ ಮಗಳು ಎಂಥದೋ ಡ್ರ್ಯಾಗನ್ ಹೆಸರು ಇಟ್ಟುಕೊಳ್ಳಲು ಹೊರಟಿದ್ದಳು. ನಾನೇ ತಡೆದೆ. “ನಮ್ಮ ಹೆಸರು ಹಾಕಾಕ ನಾಚಿಕಿ ಯಾಕವಾ? ಊರಿನ ಹೆಸರೂ ಇರಲಿ” ಎಂದೆ. ಅವಳ ಹೆಸರು, ಅಡ್ಡಹೆಸರು, ನವಲಗುಂದ. ಆ ಅಡ್ಡಹೆಸರಿನ ಮನೆ ಊರಿನಲ್ಲಿ ಒಂದೇ ಇದೆ. (ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬುದ್ಧಿ ಕಲಿತಿದ್ದೇನೆ.) ಅವನು ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದು ಅದನ್ನೇ. ಕೇಳಿದ್ದು ಕಾಕಾನನ್ನೇ. ಅವರು ದಾರಿ ತೋರಿಸಿ ಸುಮ್ಮನಾದರೇ? ಬೈಕಿನಲ್ಲಿ ಕೂರಿಸಿಕೊಂಡು ಬಾಗಿಲವರೆಗೆ ತಂದು ಬಿಟ್ಟರು.

“ದೂರದಿಂದ ಬಂದಾನ, ನಿಮ್ಮ ಬೀಗರ ಪೈಕಿ ಇರಬೇಕಂತ ತಿಳದೆ ನೋಡವಾ” ಎಂದರು ಕಾಕಾ. ಅವರ ಮುಖವೂ ಬಿಳಿಚಿತ್ತು. ಬೈಯುವುದಾದರೂ ಹೇಗೆ?

ಸರಿ, ಆರು ಗಂಟೆ ಹೇಗೆ ಗೊತ್ತಾಯಿತು? ಮಗಳು ಮೊಬೈಲಿನಲ್ಲಿ ಒಂದು ವೆಬ್‌ಸೈಟ್ ತೋರಿಸಿದಳು. ಗೇಮ್ ಕಂಪನಿಯದಲ್ಲ, ಮೂರನೆಯವರು ಯಾರೋ ನಡೆಸುವಂಥದ್ದು. ಆಡುವವರ ಸೋಲು, ಗೆಲುವು, ರ್‍ಯಾಂಕ್ ಎಲ್ಲವನ್ನೂ ತಾನೇ ಎಳೆದು ತಂದು ಜಗತ್ತಿಗೆಲ್ಲ ತೋರಿಸುತ್ತದೆ. ಇವಳು ಅಲ್ಲಿ ಹೆಸರು ಕೊಟ್ಟವಳಲ್ಲ, ಯಾರೂ ಕೇಳಲೂ ಇಲ್ಲ. ಆದರೂ ಅವಳದೊಂದು ಪುಟವಿತ್ತು. ಯಾವ ದಿನ, ಎಷ್ಟು ಹೊತ್ತಿಗೆ ಆಡುತ್ತಾಳೆಂಬುದಕ್ಕೆ ಬಣ್ಣದ ಗ್ರಾಫ್. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಐದಕ್ಕೆ ಶುರು, ಆರಕ್ಕೆ ಹತ್ತು ನಿಮಿಷವಿರುವಾಗ ಬಂದ್. ಶನಿವಾರ, ಭಾನುವಾರ ಖಾಲಿ.

ಅಮ್ಮ ಮನೆಯಲ್ಲಿ ಯಾವಾಗ ಇರುವುದಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ಸಾಧ್ಯವೇ? ನನ್ನ ದಿನಚರಿ ನನ್ನ ಗಂಡನಿಗೂ ಇಷ್ಟು ಕರಾರುವಾಕ್ಕಾಗಿ ಗೊತ್ತಿಲ್ಲ.

ಪೊಲೀಸರಿಗೆ ಹೇಳೋಣ ಎಂದರು ಮನೆಯವರು. ಹೋಗಿ ಹೇಳಿಯೂ ಬಂದೆವು. ಅವನು ಏನು ಮಾಡಿದ ಎಂದು ಕೇಳಿದರು. ಏನು ಮಾಡಿದ? ಚಹಾ ಕುಡಿದ.

ಅಂದೇ ಅಕೌಂಟ್ ಅಳಿಸಿದೆವು. ಆಟ ಹೋಯಿತು, ಆ ಪುಟ ಹೋಗಲಿಲ್ಲ. ತೆಗೆಯಿರಿ ಎಂದು ವೆಬ್‌ಸೈಟಿನವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಉತ್ತರ ಬಂತು: ಪುಟ ನಿಮ್ಮದೇ ಎಂಬುದಕ್ಕೆ ವಿಳಾಸವಿರುವ ಗುರುತಿನ ಚೀಟಿಯ ಫೋಟೋ ಕಳುಹಿಸಿ. ಕಳುಹಿಸಲು ನನಗೆ ಕೈ ಬರುತ್ತಿಲ್ಲ.

ಭಯವಾಗಿದೆ, ಮುಚ್ಚಿಡುವುದಿಲ್ಲ. ಈಗ ಮಗಳು ಸಂಜೆ ನಾನು ಬರುವವರೆಗೆ ಕಾಕಾನ ಮನೆಯಲ್ಲಿರುತ್ತಾಳೆ. ಗೇಟು ಸಪ್ಪಳವಾದರೆ ಇಬ್ಬರೂ ಬೆಚ್ಚುತ್ತೇವೆ.

ಆ ಪುಟದ ಅಡಿಯಲ್ಲಿ, ಆ ದಿನ ಎಷ್ಟು ಸಲ ನೋಡಿದ್ದಾರೆಂಬ ಲೆಕ್ಕವೂ ಇರುತ್ತದೆ. ನಿನ್ನೆ ತೆರೆದು ನೋಡಿದೆ. ಹದಿನಾಲ್ಕು ಎಂದಿತ್ತು. ಅದರಲ್ಲಿ ಒಂದು ನಾನು.

ಆಟವನ್ನೇ ಬಿಟ್ಟ ಹುಡುಗಿಯನ್ನು ಉಳಿದ ಹದಿಮೂರು ಸಲ ನೋಡಿದವರು ಯಾರು?