ಶಿವದೇವಿ ಅಕ್ಕನ ಕುಸುಬಿಗೆ ಬಂದ ನೊಣ

ಶಿವದೇವಿ ಅಕ್ಕನ ಬಾಯಲ್ಲಿ ‘ಗೊತ್ತಿಲ್ಲ’ ಅನ್ನುವ ಮಾತು ನಾನು ಕೇಳಿದ್ದಿಲ್ಲ. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳಲ್ಲಿ, ಗಂಡನ ಬ್ಯಾಂಕ್ ವರ್ಗಾವಣೆಯ ದೆಸೆಯಿಂದ ಲಿಂಗಸುಗೂರು ಬಿಟ್ಟು ನಮ್ಮ ಅಪಾರ್ಟ್‌ಮೆಂಟಿಗೆ ಬಂದವರು. ಉಳಿದವರು ಗುಲಾಬಿ ಕುಂಡ ಇಟ್ಟರೆ ಇವರು ಕಾಂಪೌಂಡಿನ ಮೂಲೆ ಅಗೆದು ಕುಸುಬಿ ಬಿತ್ತಿದರು. ಎಳೆ ಕುಸುಬಿಯ ಪಲ್ಯವಿಲ್ಲದೆ ಅವರಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಗಿಡ ಬಲಿತು ಮುಳ್ಳಾದ ಮೇಲೂ ಬೀಜಕ್ಕೆಂದು ಬಿಟ್ಟರು.

ಆ ಚಳಿಗಾಲ ಗಿಡಗಳಿಗೆ ರಸ ಹೀರುವ ಕರಿಹೇನು ಮುತ್ತಿತು. ಹಳದಿ-ಕಪ್ಪು ಪಟ್ಟೆಯ ಹುಳಗಳು ಹೂವಿನ ಮೇಲೆ ಗಾಳಿಯಲ್ಲೇ ನಿಂತು ಗುಂಯ್‌ಗುಡತೊಡಗಿದವು. ಸಂಘದ ಕಾರ್ಯದರ್ಶಿ, ಬೀದರಿನ ಸಾಫ್ಟ್‌ವೇರ್ ನೌಕರ ಅಂಬಾದಾಸ, ಬಂದು ಕೈಮುಗಿದ.

“ಅಕ್ಕಾರ, ಕಣಜದ ಹುಳ ಬಂದಾವ್ರಿ. ನಮ್ಮ ಮಗಳು ಪಿಂಕಿ ಭಾಳ ಅಂಜತಾಳ. ತಿಂಗಳ ಕಡೀಕ ಮಡಿಗೆಲ್ಲ ಹುಳದ ಎಣ್ಣಿ ಹೊಡಸ್ತೀನ್ರಿ.”

ಔಷಧಿ ಹೊಡೆದರೆ ಬೀಜವೂ ತಿನ್ನಲು ಬಾರದು. ಅಕ್ಕ ಸಿಡಿದೆದ್ದರು.

“ಅವು ಜೇನು! ಎಲಿ ತಿಂದು ಗಿಡ ಹಾಳ ಮಾಡಾಕತ್ತಿದ್ದು ಈ ಹಸರ ಹುಳ. ದಿನಾ ಮುಂಜಾನೆ ನಾನ ಆರಿಸಿ ಹಿಸುಕ್ತೀನಿ. ತಡಿ, ತೋರಸ್ತೀನಿ.”

ಉಪ್ಪಿನಕಾಯಿ ಬಾಟಲಿಯಲ್ಲಿ ಹೇನು ಹತ್ತಿದ ಕುಡಿಯ ಜೊತೆ ಒಂದು ಹಸಿರು ಹುಳ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಎಲ್ಲರಿಗೂ ಕಾಣುವಂತೆ ಮೆಟ್ಟಿಲ ಬಳಿ ಇಟ್ಟರು. ಹುಳ ಎಲೆ ಮುಟ್ಟಲಿಲ್ಲ. ಹೇನುಗಳನ್ನೇ ಹಿಡಿಹಿಡಿದು ಹೀರಿತು. “ಎಲಿ ಬಲತೈತಿ, ಅದಕ್ಕ ತಿನ್ನವಲ್ದು,” ಎಂದು ಅಕ್ಕ ಎಳೆಯ ಕುಡಿ ಹಾಕಿದರು. ನನಗೆ ನಗು ತಡೆಯಲಾಗಲಿಲ್ಲ. ಆ ಕುಡಿಯಲ್ಲೂ ಹೇನು ಮಾತ್ರ ಖಾಲಿಯಾದವು. ಆಮೇಲೆ ಹುಳ ಕಡ್ಡಿಗೆ ಅಂಟಿ ಗೂಡಾಯಿತು. ತಿಂಗಳ ಕೊನೆಗೆ ಬಾಟಲಿಯೊಳಗೆ ಅದೇ ಪಟ್ಟೆಯ ಹುಳ ಕೂತಿತ್ತು.

ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವಳು ನಾನು. ಬಗ್ಗಿ ನೋಡಿದೆ. ರೆಕ್ಕೆ ಎರಡೇ. ಜೇನಿಗೂ ಕಣಜಕ್ಕೂ ನಾಲ್ಕಿರುತ್ತವೆ. ತಲೆಯ ತುಂಬ ನೊಣದ ಕಣ್ಣು.

“ಅಕ್ಕಾ, ಇದು ಹೂವಿನ ನೊಣ. ಪಟ್ಟಿ ಬರೇ ಅಂಜಿಸಾಕ. ಇದಕ್ಕ ಚುಚ್ಚೋ ಮುಳ್ಳಿಲ್ಲ.”

ಅಕ್ಕ ಬಾಟಲಿ ಎತ್ತಿ ಕಣ್ಣ ಹತ್ತಿರ ಹಿಡಿದು ರೆಕ್ಕೆ ಎಣಿಸಿದರು.

ಅಷ್ಟರಲ್ಲಿ ಔಷಧಿ ಪಂಪಿನವನು ಬಂದೇಬಿಟ್ಟ. ಅಕ್ಕ ಬಾಟಲಿಯ ಬಟ್ಟೆ ಬಿಚ್ಚಿ ನೊಣವನ್ನು ಮುಷ್ಟಿಯಲ್ಲಿ ಹಿಡಿದು ನೇರ ಅಪ್ಪನ ಪಕ್ಕ ನಿಂತಿದ್ದ ಪಿಂಕಿಯ ಮುಂದೆ ಹೋಗಿ ಅಂಗೈ ತೆರೆದರು. ನೊಣ ಸ್ವಲ್ಪ ಹೊತ್ತು ಕೂತು ಹಾರಿತು.

“ಕಚ್ಚಂಗಿಲ್ಲ. ಇದರ ಮರಿಗಳು ಹೇನನ್ನ ತಿಂತಾವ.”

“ಖಾತ್ರಿ ಐತೇನ್ರಿ ಅಕ್ಕಾರ?” ಅಂದ ಅಂಬಾದಾಸ.

“ದಿನಾ ಮುಂಜಾನೆ ಆ ಮರಿಗಳನ್ನ ಹಿಸುಕಿ ಕೊಂದಾಕಿ ನಾನ,” ಅಂದರು ಅಕ್ಕ, ಇಡೀ ಅಪಾರ್ಟ್‌ಮೆಂಟಿಗೆ ಕೇಳುವಂತೆ. “ನಿನ್ನ ಎಣ್ಣಿ ಮಾಡೋ ಕೆಲಸ ಇಷ್ಟು ದಿನ ನಾನ ಮಾಡೀನಿ. ಇನ್ನ ಸಾಕು, ಆ ಪಂಪಿನವನ್ನ ವಾಪಸ್ ಕಳಸು.”