ಎರಡು ಲಕ್ಷ ಲೀಟರ್, ಈಜು ಸೊನ್ನೆ

ನಾಲ್ಕು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕಾರಣ ಒಂದು ಗುಣಾಕಾರ.

ತಿರುಮಣಿ ಹತ್ತಿರ ನಮ್ಮ ಭಾವ ಲಾಡ್ಜ್ ಕಟ್ಟಿಸಿದ್ದಾರೆ. (ಸೋಲಾರ್ ಪಾರ್ಕಿಗೆ ಬರುವ ಇಂಜಿನಿಯರುಗಳಿಗೆ ರೂಮು ಬೇಕಲ್ಲ.) ಅದರ ಹಿಂದೆ ಸ್ವಿಮ್ಮಿಂಗ್ ಪೂಲ್. ಹೌದು ಸ್ವಾಮಿ, ಬರಕ್ಕೆ ಹೆಸರಾದ ಪಾವಗಡದಲ್ಲೇ. "ಲೇ, ಮಧುಗಿರೀಲಿ ಲೆಕ್ಕದ ಮೇಷ್ಟ್ರು ನೀನು, ಎಷ್ಟು ನೀರು ಹಿಡಿಸ್ತದೆ ಹೇಳು" ಅಂದರು.

ಉದ್ದ ಐವತ್ತಡಿ, ಅಗಲ ಇಪ್ಪತ್ತೈದು. ಆಳ ಒಂದು ತುದಿಯಲ್ಲಿ ಮೂರಡಿ, ಇನ್ನೊಂದರಲ್ಲಿ ಎಂಟು, ಸರಾಸರಿ ಐದೂವರೆ. ಘನ ಅಡಿಗೆ ಇಪ್ಪತ್ತೆಂಟು ಲೀಟರ್ ಚಿಲ್ಲರೆ ಹಿಡಿದು ಗುಣಿಸಿದರೆ ಹತ್ತಿರ ಹತ್ತಿರ ಎರಡು ಲಕ್ಷ ಲೀಟರ್. ಬೋರು, ಟ್ಯಾಂಕರ್ ಎರಡೂ ಸೇರಿ ವಾರವೆಲ್ಲ ತುಂಬಿಸಿದವು. ಭಾನುವಾರ ನಾನೂ ಭಾವನೂ ಅಂಚಿನಲ್ಲಿ ನಿಂತು ನೋಡಿದ್ದೇ ನೋಡಿದ್ದು.

ಕಾಫಿ ತಂದ ಅಕ್ಕ ಕೇಳಿದಳು: "ಇದ್ರಾಗೆ ಯಾರಾನ ಮುಳುಗಿದ್ರೆ ಎತ್ತೋರು ಯಾರು?"

ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ. ಇಬ್ಬರಿಗೂ ಈಜು ಬರದು. ಲಾಡ್ಜಿನಲ್ಲಿ ಯಾರಿಗೂ ಬರದು. ಮುಂದಿನ ಭಾನುವಾರ ಶಿರಾದವರೊಬ್ಬರ ಮಗನ ಬರ್ತ್‌ಡೇ ಪಾರ್ಟಿ ಅಲ್ಲೇ. ಬರುವವರೆಲ್ಲ ಚಿಳ್ಳೆಪಿಳ್ಳೆಗಳು. ಬೇರೆ ಕಡೆ ಮಾಡಿಕೊಳ್ಳಿ ಅಂದರೆ ಕೇಳಲಿಲ್ಲ, ಪೂಲ್ ನೋಡಿಯೇ ಬುಕ್ ಮಾಡಿದ್ದಂತೆ.

ಮರುದಿನ ಕ್ಲಾಸಿನಲ್ಲಿ ಕೇಳಿದೆ, ಯಾರ್ಯಾರಿಗೆ ಈಜು ಬರುತ್ತೆ? ಒಂದು ಕೈಯೂ ಮೇಲೇಳಲಿಲ್ಲ. "ಎಲ್ಲಿ ಕಲಿಯಾದು ಸಾ?" ಅಂದ ಒಬ್ಬ.

ಸರಿಯಲ್ಲವೇ? ನಮ್ಮ ಕಡೆ ನೀರು ಅಂದರೆ ಎಷ್ಟು ಬಿಂದಿಗೆ, ಎಷ್ಟು ಟ್ಯಾಂಕರ್, ಅಷ್ಟೇ. ಅದಕ್ಕೆ ಆಳ ಅಂತ ಒಂದಿದೆ ಅಂತ ಹೊಳೆಯುವುದಾದರೂ ಯಾರಿಗೆ? ನಾನಂತೂ ಆ ಎಂಟಡಿಯನ್ನು ಸರಾಸರಿಗೆ ಸೇರಿಸಿ ಹಾಯಾಗಿದ್ದೆ. ನನಗೇ ನನ್ನ ಮೇಲೆ ಸಿಟ್ಟು ಬಂತು.

ಈಜು ಬಲ್ಲವರಿಗಾಗಿ ಕೊರಟಗೆರೆ ತನಕ ಫೋನ್ ಮಾಡಿದೆ. ಸಿಕ್ಕವರು ಚನ್ನರಾಯನದುರ್ಗದ ಒಬ್ಬ ತಾತ. ಹಿಂದೆ ಬಾವಿಗಳಲ್ಲಿ ಈಜಿದವರು. ಈಗ ಮಂಡಿನೋವಂತೆ, ಮೆಟ್ಟಿಲೂ ಇಳಿಯುವುದಿಲ್ಲವಂತೆ.

ಉಳಿದದ್ದು ಒಂದೇ ದಾರಿ. ಆಳದ ತುದಿಯಲ್ಲೂ ಎರಡಡಿ ಮಾತ್ರ ನೀರಿರಬೇಕು. ಮತ್ತೆ ಲೆಕ್ಕ ಹಾಕಿದೆ. ಮೂರಡಿಯ ತುದಿ ಪೂರ್ತಿ ಒಣ. ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನೀರು ಹೊರಗೆ ಹೋಗಬೇಕು.

ನಿನ್ನೆ ಭಾವನಿಗೆ ಹೇಳಿದೆ. "ಮಕ್ಕಳ ಪ್ರಾಣ, ಭಾವ. ಪಕ್ಕದ ಹೊಲಕ್ಕೆ ಬಿಟ್ಟುಬಿಡಿ."

ಅವರು ನೀರಿನ ಕಡೆ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಒಂಚೂರು ಕಮ್ಮಿ ಬುಟ್ರೆ ಆಗಲ್ವೇನಪ್ಪಾ?"