ಹದಿನಾಲ್ಕು ತಿಂಗಳು ಹಳೆಯ ಅಳತೆ

2019ರಲ್ಲಿ ನಾನು ಕುಮಟಾದಲ್ಲಿ ಕಂಪ್ಯೂಟರ್ ಸರ್ವಿಸ್ ಅಂಗಡಿ ನಡೆಸುತ್ತಿದ್ದೆ. ಹೊನ್ನಾವರ, ಭಟ್ಕಳ ಕಡೆಯ ಸುಮಾರು ನಲವತ್ತು ಗಿರಾಕಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಅವರಲ್ಲಿ ಶಿರಾಲಿಯ ಯಶೋದಕ್ಕ ಒಬ್ಬರು. ಭಟ್ಕಳ ಪೇಟೆಯಲ್ಲಿ ಅವರದು ಹೆಂಗಸರ ಉಡುಪು ಹೊಲಿಯುವ ಅಂಗಡಿ; ಆರು ಮಷಿನ್, ಏಳು ಜನ ಕೆಲಸದವರು.

ಹೊಲಿಗೆ ಅಂಗಡಿಗೆ ಕಂಪ್ಯೂಟರ್ ಯಾಕೆ ಎಂದು ಕೇಳುವವರಿದ್ದರು. ಯಶೋದಕ್ಕನ ಗಿರಾಕಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ದುಬೈ, ಜೆದ್ದಾಗಳಲ್ಲಿದ್ದರು. ಊರಿಗೆ ಬರುವವರ ಕೈಯಲ್ಲಿ ಬಟ್ಟೆ ಕಳಿಸಿ, ತಾವು ರಜೆಗೆ ಬರುವಷ್ಟರಲ್ಲಿ ಹೊಲಿದಿಡಲು ಹೇಳುತ್ತಿದ್ದರು. ಹಾಗಾಗಿ ಸಾವಿರಕ್ಕೂ ಹೆಚ್ಚು ಜನರ ಭುಜ, ತೋಳು, ಉದ್ದ, ಸುತ್ತಳತೆ ಎಲ್ಲ ಒಂದೇ ಫೈಲಿನಲ್ಲಿದ್ದವು. ಗಿರಾಕಿ ಬಂದಾಗಲೆಲ್ಲ ಮತ್ತೆ ಅಳೆದು, ಹಳೆಯದನ್ನು ಅಳಿಸಿ ಹೊಸದು ತುಂಬುತ್ತಿದ್ದರು. ಪ್ರತಿ ಸಂಜೆ ಆ ಫೈಲಿನ ನಕಲು, ಅಂದರೆ ಬ್ಯಾಕಪ್, ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ತಾನಾಗಿ ಹೋಗುವಂತೆ ನಾನೇ ಮಾಡಿಕೊಟ್ಟಿದ್ದೆ. ಮುಗಿದಾಗ ಪರದೆಯ ಮೇಲೆ ಹಸಿರು ಗುರುತು ಬರುತ್ತಿತ್ತು. ಅದನ್ನು ನೋಡಿ, ಡಿಸ್ಕನ್ನು ಕಳಚಿ ಕಪಾಟಿನಲ್ಲಿಟ್ಟೇ ಯಶೋದಕ್ಕ ಬಾಗಿಲು ಹಾಕುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ.

ಆ ವರ್ಷದ ಜೂನ್‌ನಲ್ಲಿ ಅವರ ಫೋನ್ ಬಂತು. "ನಾಯ್ಕರೆ, ನಿನ್ನೆ ಸಿಡಿಲಿಗೆ ಕಂಪ್ಯೂಟರ್ ಸುಟ್ಟೋಯ್ತು." ದನಿಯಲ್ಲಿ ಗಾಬರಿಯಿರಲಿಲ್ಲ. "ಡಿಸ್ಕು ಕಪಾಟಿನಲ್ಲೇ ಇದೆ. ನೀವು ಬಂದು ಹಾಕಿಕೊಟ್ರೆ ಆತು."

ಮರುದಿನ ಬೆಳಿಗ್ಗೆ ಬೇರೆ ಕಂಪ್ಯೂಟರ್ ಹಿಡಿದು ಹೋದೆ. ಮೇಜಿನ ಮೇಲೆ ಒಂದೇ ಮನೆಯ ಹದಿನೇಳು ಉಡುಪುಗಳ ಬಟ್ಟೆಯಿತ್ತು. ದುಬೈಯಲ್ಲಿರುವ, ಭಟ್ಕಳದ ನವಾಯತ ಮುಸ್ಲಿಂ ಕುಟುಂಬವೊಂದರ ಮದುವೆ. ಜುಲೈಯಲ್ಲಿ ಎಲ್ಲರೂ ಊರಿಗೆ ಬರುವವರಿದ್ದರು. ಬಟ್ಟೆ ಅಲ್ಲಿಂದಲೇ ಬಂದದ್ದು, ತುಂಡು ಹಾಳಾದರೆ ಇಲ್ಲಿ ಮತ್ತೆ ಸಿಗುವಂಥದ್ದಲ್ಲ.

ಹತ್ತೇ ನಿಮಿಷದಲ್ಲಿ ಫೈಲು ತೆರೆದುಕೊಂಡಿತು. ಹೆಸರು, ಅಂಕಿ ಎಲ್ಲ ಇದ್ದವು. ಯಶೋದಕ್ಕ ಬಟ್ಟೆ ಹಾಸಿ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದರು. ನಾನು ಅಭ್ಯಾಸದಂತೆ, ಫೈಲು ಕೊನೆಯ ಸಲ ಬದಲಾದ ದಿನಾಂಕ ನೋಡಿದೆ. ಹಿಂದಿನ ವರ್ಷದ ಏಪ್ರಿಲ್!

ಆ ಏಪ್ರಿಲ್‌ನಲ್ಲಿ, ಕಂಪ್ಯೂಟರ್ ನಿಧಾನವಾಗಿದೆಯೆಂದು ಒಳಗೆ ಹಳೆಯದರ ಜೊತೆಗೆ ಹೊಸ ಡಿಸ್ಕ್ ಹಾಕಿ, ಫೈಲನ್ನು ಅದರೊಳಗೆ ತಂದವನು ನಾನೇ. ಬ್ಯಾಕಪ್ ಮಾಡುವ ಪ್ರೋಗ್ರಾಮಿಗೆ ಮಾತ್ರ ಹೊಸ ಜಾಗ ತೋರಿಸಿರಲಿಲ್ಲ. ಹಳೆಯ ಜಾಗದಲ್ಲಿ ಉಳಿದಿದ್ದ ಪ್ರತಿಯನ್ನೇ ಅದು ಹದಿನಾಲ್ಕು ತಿಂಗಳು ನಿಷ್ಠೆಯಿಂದ ನಕಲು ಮಾಡುತ್ತ ಬಂದಿತ್ತು.

ಸುಮ್ಮನಿದ್ದುಬಿಡೋಣ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಉಡುಪು ಬಿಗಿಯಾದರೆ ಮೈ ಬಂದಿದೆ ಎಂದುಕೊಳ್ಳುತ್ತಾರೆ, ನನ್ನ ಹೆಸರು ಬರುವುದಿಲ್ಲ. ಅಷ್ಟರಲ್ಲಿ ಯಶೋದಕ್ಕ ಕತ್ತರಿ ಎತ್ತಿಕೊಂಡರು.

"ಯಶೋದಕ್ಕ, ಕತ್ತರಿಸಬೇಡಿ," ಎಂದೆ. "ಇದು ಹೋದ ವರ್ಷದ ಏಪ್ರಿಲ್‌ಗಿಂತ ಹಿಂದಿನ ಅಳತೆ. ತಪ್ಪು ನನ್ನದು."

ನಡೆದದ್ದನ್ನು ವಿವರಿಸಿದೆ. ಒಂದೊಂದಾಗಿ ಮಷಿನ್‌ಗಳ ಸದ್ದು ನಿಂತಿತು.

"ದಿನಾ ಹಸಿರು ಬರ್ತಿತ್ತಲ್ಲ. ಅದು ಎಂತ ಹಂಗಾರೆ?"

"ನಕಲಾಯ್ತು ಅಂತ ಹೇಳ್ತಿತ್ತು. ಯಾವುದು ನಕಲಾಯ್ತು ಅಂತ ನಾನು ಒಂದ್ಸಲವೂ ತೆಗೆದು ನೋಡ್ಲಿಲ್ಲ."

"ಏಪ್ರಿಲ್ ಆದ್ಮೇಲೆ, ಹೋದ ರಜೆಯಲ್ಲಿ, ಈ ಮನೆಯ ಒಬ್ಬೊಬ್ಬರನ್ನೂ ನಿಲ್ಲಿಸಿ ಅಳೆದಿದ್ದೆ ನಾನು," ಎಂದಷ್ಟೇ ಹೇಳಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸುಟ್ಟ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ಜೋಡಿಸಿ ನೋಡಿದೆ, ಜೀವವಿರಲಿಲ್ಲ. ದುಬೈಗೆ ನಾನೇ ಫೋನ್ ಮಾಡಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. "ಬೇಡ, ಗಿರಾಕಿ ನನ್ನವರು," ಎಂದು ಯಶೋದಕ್ಕ ತಾವೇ ಮದುವೆಮನೆಯ ಹಿರಿಯೆ ಜುಬೇದಾ ಅವರಿಗೆ ಫೋನ್ ಹಚ್ಚಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಫೋನಿನ ಸ್ಪೀಕರಿನಲ್ಲಿ ಜುಬೇದಾ ಅವರ ದನಿ ಬಂತು: "ಟೇಪು ಹಿಡೀಲಿಕ್ಕೆ ನಮಗೂ ಬರ್ತದೆ ಯಶೋದಾ. ಎಲ್ಲಿಂದ ಎಲ್ಲಿಗೆ ಹಿಡೀಬೇಕು, ಅದು ಹೇಳು."

ಕೆಲಸದವಳೊಬ್ಬಳನ್ನು ನಿಲ್ಲಿಸಿ, ಎಲ್ಲೆಲ್ಲಿ ಟೇಪು ಹಿಡಿಯಬೇಕೆಂದು ಯಶೋದಕ್ಕ ತೋರಿಸಿದರು. ನಾನು ವಿಡಿಯೋ ಮಾಡಿ ಕಳಿಸಿದೆ. ಎರಡು ದಿನ ದುಬೈಯಿಂದ ಒಬ್ಬೊಬ್ಬರ ಅಳತೆ ಫೋನಿಗೆ ದನಿ ಸಂದೇಶವಾಗಿ ಬರುತ್ತಿತ್ತು. ನಾನು ಅಲ್ಲೇ ಕೂತು ಫೈಲಿಗೆ ತುಂಬಿದೆ. ಒಬ್ಬ ಹುಡುಗಿ ಮೂರು ಇಂಚು ಎತ್ತರವಾಗಿದ್ದಳು. ಮದುಮಗಳು ಎಷ್ಟು ತೆಳ್ಳಗಾಗಿದ್ದಳೆಂದರೆ ಯಶೋದಕ್ಕ ಎರಡನೇ ಸಲ ಅಳೆಸಿದರು. ಜುಲೈಯಲ್ಲಿ ಹದಿನೈದು ಉಡುಪು ಸರಿಯಾಗಿ ಕೂತವು. ಎರಡರ ತೋಳು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಉಳಿದ ಗಿರಾಕಿಗಳ ಅಳತೆ ಹೊಸದಾಗಿ ತುಂಬಲು ವರ್ಷವೇ ಹಿಡಿಯಿತು.

ಆ ತಿಂಗಳೇ ನಾನು ನಲವತ್ತೂ ಗಿರಾಕಿಗಳಲ್ಲಿಗೆ ಹೋಗಿ ಬ್ಯಾಕಪ್ ತೆಗೆದು ನೋಡಿದೆ. ಆರು ಕಡೆ ಅದು ಕೆಲಸಕ್ಕೆ ಬಾರದ ಸ್ಥಿತಿಯಲ್ಲಿತ್ತು. ಯಾರೂ ಕೇಳಿರಲಿಲ್ಲ, ನಾನೇ ಹೇಳಿ ಸರಿಮಾಡಿದೆ. ನಕಲು ಮಾಡುವುದು ಅರ್ಧ ಕೆಲಸ, ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಓದಿ ನೋಡುವುದು ಇನ್ನರ್ಧ ಎಂಬುದನ್ನು ನಾನು ಕಲಿತದ್ದು ಹೀಗೆ, ಇನ್ನೊಬ್ಬರ ಖರ್ಚಿನಲ್ಲಿ.

ಯಶೋದಕ್ಕ ನನ್ನನ್ನು ಬಿಟ್ಟು ಬೇರೆಯವರ ಬಳಿ ಹೋಗಲಿಲ್ಲ. ಒಂದು ಪ್ರತಿ ಶಿರಾಲಿಯ ಮನೆಯಲ್ಲಿ, ಇನ್ನೊಂದು ಇಂಟರ್ನೆಟ್ಟಿನಲ್ಲಿ ಇರುವಂತೆ ಮಾಡಿಸಿಕೊಂಡರು. ತಿಂಗಳಿಗೊಮ್ಮೆ ನಾನು ಹೋದಾಗ ಕುರ್ಚಿ ತೋರಿಸಿ, "ನಿನ್ನೆ ಸಂಜೆ ಕೊನೇದಾಗಿ ಯಾರ ಹೆಸರು ತುಂಬಿದ್ದೆ, ಆ ನಕಲಿನಲ್ಲಿ ತೆಗೆದು ತೋರ್ಸಿ," ಎನ್ನುತ್ತಿದ್ದರು. "ಆಮೇಲೆ ಚಾ."